ಮೀನಿನ ಸಂತಾನಶಕ್ತಿಯ ಪುಡಿಗಳಿಗೆ ಸಹಾಯಧನ ಕೊಡುವ ಮುನ್ನ

ಮಾನ್ಯ ಮೀನುಗಾರಿಕೆ ಸಚಿವರಿಗೆ ನಮಸ್ಕಾರಗಳು.

ತಾಯಿಮೀನುಗಳ ಸಂತಾನಶಕ್ತಿ ಹೆಚ್ಚಿಸುವ ಗಿಡಮೂಲಿಕೆ ಪುಡಿಗಳಿಗೂ ಸಹಾಯಧನ ಬೇಕೆಂಬ ಬೇಡಿಕೆ ಇಂದಲ್ಲ ನಾಳೆ ತಮ್ಮ ಮೇಜಿಗೆ ಬರುತ್ತದೆ. ಕೊಡಬೇಡಿ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಗಿಡ ಯಾವುದು, ಬೇರೋ ಎಲೆಯೋ ಬೀಜವೋ, ಯಾವ ಮೀನಿಗೆ, ಕಿಲೋ ಮೇವಿಗೆ ಎಷ್ಟು ಗ್ರಾಂ, ಎಷ್ಟು ದಿನ: ಇಷ್ಟನ್ನೂ ಚೀಲದ ಮೇಲೆ ಬರೆಯದ ಪುಡಿಗೆ ಸರ್ಕಾರದ ಹಣ ಹೋಗಬಾರದು.

ಗಿಡಮೂಲಿಕೆಗಳೆಲ್ಲ ಒಂದೇ ದಿಕ್ಕಿಗೆ ಕೆಲಸ ಮಾಡುವುದಿಲ್ಲ. ಪಪ್ಪಾಯಿ ಬೀಜ, ಬೇವಿನೆಲೆಗಳನ್ನು ಟಿಲಾಪಿಯಾ ಕೊಳಗಳಲ್ಲಿ ಮರಿ ಮಿತಿಮೀರದಂತೆ ತಡೆಯಲೆಂದೇ ಪ್ರಯೋಗಿಸಿದ್ದಾರೆ; ಪ್ರಮಾಣ ಹೆಚ್ಚಾದರೆ ವೃಷಣವೇ ಕೆಡುತ್ತದೆ. ನೆಗ್ಗಿಲನ್ನು ಟಿಲಾಪಿಯಾ ಮರಿಗಳಿಗೆ ಕೊಟ್ಟು ಗಂಡುಗಳ ಪಾಲು ಹೆಚ್ಚಿಸಲು ನೋಡಿದ್ದುಂಟು.

ನಸುಗುನ್ನಿ ಬೀಜದ್ದು ಇನ್ನೂ ತೊಡಕು. ಅದರಲ್ಲಿರುವ ಎಲ್-ಡೋಪಾ ಎಂಬ ಅಂಶ ದೇಹದಲ್ಲಿ ಡೋಪಮೈನ್ ಎಂಬ ನರ-ರಾಸಾಯನಿಕವಾಗುತ್ತದೆ. ಗೆಂಡೆ ಜಾತಿಯ ಮೀನುಗಳಲ್ಲಿ ಮೊಟ್ಟೆ ಬಿಡಿಸುವ ಹಾರ್ಮೋನು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಹೊರಬರದಂತೆ ತಡೆಯುವುದೂ ಇದೇ ಡೋಪಮೈನ್. ಹ್ಯಾಚರಿಯಲ್ಲಿ ಮೊಟ್ಟೆ ಬಿಡಿಸಲು ಕೊಡುವ ಚುಚ್ಚುಮದ್ದಿನಲ್ಲಿ ಡೋಂಪೆರಿಡೋನ್ ಎಂಬ ಔಷಧ ಇರುವುದು ಆ ತಡೆ ತೆಗೆಯಲಿಕ್ಕೆ. ಹಾಗಿದ್ದ ಮೇಲೆ, ಗಂಡಿನ ವೀರ್ಯಕ್ಕೆ ಒಳ್ಳೆಯದೆಂದು ಮಾರುವ ಬೀಜವನ್ನು ಚುಚ್ಚುಮದ್ದಿನ ಹಿಂದಿನ ದಿನದವರೆಗೂ ಹೆಣ್ಣಿಗೆ ತಿನ್ನಿಸಬಹುದೇ? ಆಯಾ ಜಾತಿಯಲ್ಲಿ ಪರೀಕ್ಷಿಸದೆ ಹೌದೆನ್ನಲಾಗದು.

ಬೆರೆಸುವ ಕ್ರಮವೂ ಚೀಲದ ಮೇಲಿರಲಿ. ನೆರಳಲ್ಲಿ ಒಣಗಿಸಿ ನುಣ್ಣಗೆ ಜರಡಿ ಹಿಡಿದ ಪುಡಿಯನ್ನು ಕಿಲೋ ಮೇವಿಗೆ 5 ಗ್ರಾಂನಿಂದ ಆರಂಭಿಸಿ ನೋಡುವುದು ಕ್ಷೇಮ. 20 ಗ್ರಾಂ ಜೆಲಟಿನ್ನನ್ನು 100 ಮಿ.ಲೀ. ಬಿಸಿನೀರಿನಲ್ಲಿ ಕರಗಿಸಿ, ಗಟ್ಟಿಯಾಗುವ ಮುನ್ನ ಉಗುರುಬೆಚ್ಚಗಿರುವಾಗಲೇ ಪುಡಿ ಕಲಸಿ ಮೇವಿಗೆ ಲೇಪಿಸಬೇಕು. ಅಂಟಿಲ್ಲದೆ ಉದುರಿಸಿದ ಪುಡಿ ಕೊಳದ ನೀರಿಗೆ ಹೋಗುತ್ತದೆ, ಮೀನಿನ ಹೊಟ್ಟೆಗಲ್ಲ. ದಿನಕ್ಕೆ ಮೀನಿನ ತೂಕದ ಶೇ. 2–3ರಷ್ಟು ಮೇವು, ಮರಿ ಮಾಡಿಸುವ ಮುನ್ನ 60ರಿಂದ 90 ದಿನ. ಮೊಟ್ಟೆ ಬಲಿಯಲು ಕಾಲ ಬೇಕು, ಕೊನೆಯ ವಾರ ತಿನ್ನಿಸಿದರೆ ಪ್ರಯೋಜನವಿಲ್ಲ. ವಾರಕ್ಕೆ ಬೇಕಾದಷ್ಟನ್ನೇ ಬೆರೆಸಬೇಕು. ತೇವಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಸೇರಿ ಯಕೃತ್ತಿಗೆ ಪೆಟ್ಟು ಬೀಳಬಹುದು. ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನು ತಯಾರಾಗುವುದು ಅಲ್ಲೇ.

ಅಂದಹಾಗೆ, ಮೊಟ್ಟೆ ಕಟ್ಟದಿರುವುದಕ್ಕೆ ಎಷ್ಟೋ ಸಲ ಕಾರಣ ಮೂಲಿಕೆಯ ಕೊರತೆಯಲ್ಲ. ಒಂದೇ ಸಂಸಾರದ ತಾಯಿಮೀನುಗಳನ್ನೇ ತಲೆಮಾರುಗಟ್ಟಲೆ ಕೂಡಿಸುವುದು, ಅತಿ ಮೇವಿನಿಂದ ಹೊಟ್ಟೆಯೊಳಗೆ ಕೊಬ್ಬು ತುಂಬುವುದು, ಮೇವಿನಲ್ಲಿ ವಿಟಮಿನ್ ಇ ಮತ್ತು ಸಿ ಸಾಲದಿರುವುದು. ಇವೇ ಕಾರಣವಾಗಿರುತ್ತವೆ; ಇವನ್ನು ಯಾವ ಬೇರೂ ಸರಿಪಡಿಸದು.

‘ಅಂಡಾಶಯದ ತೂಕ ಹೆಚ್ಚಿತು’ ಎಂಬ ಒಂದು ಸಾಲನ್ನು ಪುರಾವೆಯೆಂದು ಒಪ್ಪಬೇಡಿ. ಒಂದೇ ವಯಸ್ಸು, ಒಂದೇ ತೂಕದ ಮೀನುಗಳ ಕನಿಷ್ಠ ಆರು ತೊಟ್ಟಿಗಳಿರಲಿ: ಮೂರಕ್ಕೆ ಪುಡಿ, ಮೂರಕ್ಕೆ ಅದೇ ಮೇವು ಪುಡಿಯಿಲ್ಲದೆ. ಫಲಿತ ಮೊಟ್ಟೆ ಎಷ್ಟು, ಒಡೆದು ಮರಿಯಾದದ್ದೆಷ್ಟು, ಮೊದಲ ಮೇವು ತಿನ್ನುವವರೆಗೆ ಉಳಿದ ಮರಿ ಎಷ್ಟು ಎಂದು ಎಣಿಸಲಿ. ಫಲಿಸದ ಮೊಟ್ಟೆ ಬೆಳ್ಳಗಾಗುತ್ತದೆ, ಎಣಿಸುವುದು ಕಷ್ಟವಲ್ಲ. ವೀರ್ಯ ಮಾತ್ರ ಕಾಯುವುದಿಲ್ಲ: ಸಿಹಿನೀರಿನ ಮೀನುಗಳಲ್ಲಿ ನೀರು ತಾಗಿದ ಮೇಲೆ ಅದರ ಚಲನೆ ಒಂದೆರಡು ನಿಮಿಷವೂ ಉಳಿಯದು. ಹಾಗಾಗಿ ತಕ್ಷಣ ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಈ ಲೆಕ್ಕವಿಲ್ಲದ ಅರ್ಜಿಗಳನ್ನು ಹಿಂದಿರುಗಿಸುವಂತೆ ತಮ್ಮ ಇಲಾಖೆಗೆ ಆದೇಶಿಸಬೇಕು. ಪರೀಕ್ಷೆಯಲ್ಲಿ ಸೋತ ಪುಡಿಗಳ ಫಲಿತಾಂಶವನ್ನೂ ಸಾಕಣೆದಾರರು ಓದುವಂತೆ ಪ್ರಕಟಿಸಬೇಕು.

ಇಂತಿ,
ಮೀನುಮರಿ ಉತ್ಪಾದಕರು