ಎಳೆದು ನೋಡು ಎಂದವರಿಗೆ

ಕಳೆದ ವಾರ ವಿದ್ಯುತ್ ಪರಿವೀಕ್ಷಣಾಲಯದಿಂದ ನನ್ನ ಹೆಸರಿಗೆ ಗುತ್ತಿಗೆದಾರರ ಪರವಾನಗಿ ಬಂದಿದೆ. ಸುದ್ದಿ ತಿಳಿದು ಹರಸಿದ ಎಲ್ಲರಿಗೂ, ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿದ ಗುರುಗಳಿಗೂ, ಬಿಲ್ಲಿನ ಹಣ ಕೈಸೇರುವವರೆಗೆ ಕೇಬಲ್ಲು ಸ್ವಿಚ್ಚುಗಳನ್ನು ಸಾಲವಾಗಿ ಕೊಟ್ಟ ಸಾಗರದ ಅಂಗಡಿಯವರಿಗೂ, ಹೊತ್ತುಗೊತ್ತಿಲ್ಲದ ನನ್ನ ಓಡಾಟವನ್ನು ಸಹಿಸಿದ ಅಮ್ಮನಿಗೂ ನಮಸ್ಕಾರಗಳು. ಆದರೆ ಈ ಬರಹದ ಬಹುಪಾಲು ಸಲ್ಲಬೇಕಾದದ್ದು ಒಬ್ಬರಿಗೆ. ವೈರಿಂಗ್ ಕೆಲಸದಲ್ಲಿ ಪಳಗಿದ ಅವರನ್ನು ನಾವೆಲ್ಲ ಮೇಸ್ತ್ರಿಗಳು ಎಂದೇ ಕರೆಯುತ್ತೇವೆ.

ಮೂರು ವರ್ಷಗಳ ಹಿಂದಿನ ಆಷಾಢದ ಮಳೆಯಲ್ಲಿ, ನಾನು ಉಸ್ತುವಾರಿ ನೋಡಿಕೊಂಡಿದ್ದ ಹೆರಿಗೆ ಆಸ್ಪತ್ರೆಯಲ್ಲಿ ಏನೇನು ಸುಟ್ಟಿತು, ಅದಕ್ಕೆ ಎಷ್ಟು ಹಣ ಕಟ್ಟಬೇಕಾಯಿತು ಎಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇದೆ. ಗೊತ್ತಿಲ್ಲದಿರುವುದು ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ ನಡೆದದ್ದು.

ನಾನು ಹೋದಾಗ ಕೆಲವು ದೀಪಗಳು ಕಣ್ಣು ಕೋರೈಸುವಂತೆ ಉರಿಯುತ್ತಿದ್ದವು, ಕೆಲವು ಮಿಣುಕುತ್ತಿದ್ದವು. 230 ಇರಬೇಕಾದ ಕಡೆ ಮೀಟರು, ಕರೆಂಟು ತರುವ ಮೂರು ಫೇಸ್ ತಂತಿಗಳ ಪೈಕಿ ಒಂದರಲ್ಲಿ 320, ಇನ್ನೊಂದರಲ್ಲಿ 255, ಮತ್ತೊಂದರಲ್ಲಿ 150 ವೋಲ್ಟ್ ತೋರಿಸಿತು. ನ್ಯೂಟ್ರಲ್, ಅಂದರೆ ಮೂರೂ ಫೇಸುಗಳಿಗೆ ಸೇರಿ ಇರುವ, ಕರೆಂಟು ಹಿಂದಿರುಗುವ ತಂತಿ, ಕಡಿದಿದೆ ಎಂದು ನನಗೆ ಆ ಕ್ಷಣವೇ ತಿಳಿಯಿತು, ಏಕೆಂದರೆ ಪರೀಕ್ಷೆಯಲ್ಲಿ ಇಂಥ ಏರುಪೇರನ್ನು ಲೆಕ್ಕ ಹಾಕುವ ಮಿಲ್‌ಮನ್ ಪ್ರಮೇಯವನ್ನು ಬರೆದು ಪೂರ್ತಿ ಅಂಕ ಪಡೆದವಳು ನಾನು. ಕೇಬಲ್ಲಿನ ಅಳತೆಯನ್ನು ನಾನೇ ಎರಡು ಸಲ ಲೆಕ್ಕ ಹಾಕಿದ್ದೆನಾದ್ದರಿಂದ ತಪ್ಪು ಹೊರಗಿನ ಕಂಬದಲ್ಲೇ ಇರಬೇಕೆಂದು ತೀರ್ಮಾನಿಸಿ, ಮೇನ್ ಆಫ್ ಮಾಡಿ, ಜನರೇಟರ್ ಹಾಕಿಸಿ, ಪವರ್‌ಮನ್ ಬರಲೆಂದು ಕಾಯತೊಡಗಿದೆ. ಜನರೇಟರಿನ ಮೇಲೂ ದೀಪಗಳು ಹಾಗೆಯೇ ಉರಿದವು. ಗಾಬರಿಯಲ್ಲಿ ಅದನ್ನೂ ಆಫ್ ಮಾಡಿಸಿದೆನೇ ಹೊರತು ಅದರ ಅರ್ಥವೇನೆಂದು ಯೋಚಿಸಲಿಲ್ಲ. ಹೆರಿಗೆ ಕೋಣೆಯೊಂದು ಮಾತ್ರ ಇನ್ವರ್ಟರಿನ ಮೇಲೆ ಉಳಿಯಿತು.

ಮೇಸ್ತ್ರಿಗಳು ಆ ಕೆಲಸದಲ್ಲಿ ಇರಲೇ ಇಲ್ಲ. ಫೋನಿನಲ್ಲಿ ನನ್ನ ದನಿ ಕೇಳಿ, ಆ ಮಳೆಯಲ್ಲಿ ಮೊಪೆಡ್ ಹತ್ತಿ ಬಂದವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಜನರೇಟರ್ ಹಾಕಿದಾಗ್ಲೂ ಹಿಂಗೇ ಇತ್ತೇನಮ್ಮಾ? ಹಂಗಾದ್ರೆ ಕಂಬದ್ದಲ್ಲ, ಒಳಗಿಂದೇ." ಎರಡೂ ಕಡೆಯ ಕರೆಂಟು ಬಂದಿಲ್ಲವೆಂದು ಟೆಸ್ಟ್ ಲ್ಯಾಂಪ್ ಹಿಡಿದು ಖಾತ್ರಿ ಮಾಡಿಕೊಂಡು, ಮುಖ್ಯ ಪ್ಯಾನೆಲ್ ತೆಗೆದು, ಒಂದೊಂದೇ ತುದಿಯನ್ನು ಹಿಡಿದು ಎಳೆಯುತ್ತಾ ಬಂದರು. ಕಂಬದ ಕರೆಂಟಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ಚು ದಾಟಿದ ಮೇಲಿನ ನ್ಯೂಟ್ರಲ್ ಕೇಬಲ್ಲು, ತನ್ನ ತುದಿಗೆ ಹಾಕಿದ್ದ ಲೋಹದ ಕೊಳವೆಯಂಥ ಲಗ್ಗಿನಿಂದ ಜಾರಿ ಅವರ ಕೈಗೆ ಬಂತು. ಅಲ್ಯೂಮಿನಿಯಂ ಎಳೆಗಳು ಕಪ್ಪಾಗಿದ್ದವು. ಲಗ್ಗನ್ನು ಕೇಬಲ್ಲಿನ ಮೇಲೆ ಒತ್ತಿ ಬಿಗಿಯುವಾಗ, ಅಂದರೆ ಕ್ರಿಂಪಿಂಗ್ ಮಾಡುವಾಗ, ಅಳತೆ ತಪ್ಪಿದ ಡೈ (ಒತ್ತುವ ಅಚ್ಚು) ಹಾಕಿದ್ದರಿಂದ ಹಿಡಿತ ಸಡಿಲವಾಗಿ, ಬಿಸಿಯೇರಿ, ತಿಂಗಳುಗಳ ಕಾಲ ಒಳಗೊಳಗೇ ಸುಟ್ಟಿತ್ತು. ಆ ಡೈ ಆರಿಸಿದ್ದು ನಾನು. ಎಳೆದು ನೋಡದೆ ಮುಚ್ಚಳ ಹಾಕಿಸಿದ್ದೂ ನಾನೇ.

ಕರೆಂಟು ಸರಿಹೋದ ಮೇಲೆ ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಒಳಗೆ ಆಗತಾನೇ ಹುಟ್ಟಿದ ಕೂಸೊಂದು ಅಳುತ್ತಿತ್ತು. ಆ ಕೋಣೆಗೆ ಇನ್ವರ್ಟರ್ ಇಲ್ಲದಿದ್ದರೆ ಎಂಬ ಯೋಚನೆಯಿಂದ ನನ್ನ ಕೈ ನಡುಗುವುದು ನಿಲ್ಲಲಿಲ್ಲ. ಈ ಕೆಲಸ ನನ್ನದಲ್ಲ, ಬಿಟ್ಟುಬಿಡುತ್ತೇನೆ ಎಂದೆ. ಮೇಸ್ತ್ರಿಗಳು ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ತುಂಡು ಕೇಬಲ್ಲು, ಮುಷ್ಟಿ ತುಂಬ ಲಗ್ಗು, ತಮ್ಮ ಕ್ರಿಂಪಿಂಗ್ ಟೂಲ್ ತಂದು ನನ್ನ ಮುಂದಿಟ್ಟು, "ಹಾಕು, ಎಳೆದು ನೋಡು" ಎಂದರು. ನಾಲ್ಕನೆಯದರವರೆಗೂ ಜಾರಿಬಂದವು. ಎಳೆಗಳನ್ನು ಹೊಳೆಯುವಂತೆ ಉಜ್ಜುವುದು, ಪೇಸ್ಟ್ ಹಚ್ಚುವುದು, ತುದಿ ಲಗ್ಗಿನ ತಳ ಮುಟ್ಟಿತೇ ಎಂದು ನೋಡುವುದು, ಡೈ ಪೂರ್ತಿ ಕೂಡುವವರೆಗೆ ಒತ್ತುವುದು, ಎಲ್ಲವೂ ಪುಸ್ತಕದಲ್ಲಿ ಇದ್ದವು. ನನ್ನ ಅಂಗೈಗೆ ಬಂದದ್ದು ಆ ಬೆಳಗಿನ ಜಾವ. ಬೆಳಕು ಹರಿಯುವವರೆಗೂ ಅವರು ಪಕ್ಕದಲ್ಲೇ ಕುಳಿತಿದ್ದರು.

ಪುಸ್ತಕವನ್ನು ಹಳಿಯಲು ನಾನು ಇದನ್ನು ಬರೆಯುತ್ತಿಲ್ಲ, ಮೇಸ್ತ್ರಿಗಳೂ ಎಂದೂ ಹಳಿದವರಲ್ಲ. ಅಂದು ಚಹಾ ಕುಡಿಯುವಾಗ ಅವರು, ನ್ಯೂಟ್ರಲ್ ಬಿಟ್ಟರೆ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುವುದನ್ನು ಮೂವತ್ತು ವರ್ಷಗಳಿಂದ ನೋಡಿದ್ದೇನೆ, ಏಕೆಂದು ಮಾತ್ರ ಯಾರೂ ಹೇಳಲಿಲ್ಲ ಎಂದರು. ನಾನು ಬಿಲ್ಲಿನ ಹಿಂಬದಿಯಲ್ಲಿ ಚಿತ್ರ ಬರೆದು, ಎರಡು ಫೇಸುಗಳ ನಡುವಿನ 400 ವೋಲ್ಟಿಗೆ ಎರಡು ಕಡೆಯ ಲೋಡು ಸಾಲಾಗಿ ಸಿಕ್ಕಿಕೊಳ್ಳುವುದನ್ನೂ, ಲೋಡು ಕಡಿಮೆ ಇರುವ ಕಡೆಗೇ ಹೆಚ್ಚು ವೋಲ್ಟೇಜ್ ಬೀಳುವುದನ್ನೂ ತೋರಿಸಿದೆ. ಬಹಳ ಹೊತ್ತು ನೋಡಿ, "ಅದಕ್ಕೇ ಒಂದೇ ಬಲ್ಬು ಉರೀತಿದ್ದ ಮನೇದೇ ಮೊದ್ಲು ಹೋಗೋದು" ಎಂದು ಆ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡರು. ನನ್ನ ಓದಿಗೆ ಅಷ್ಟು ದೊಡ್ಡ ಗೌರವ ಅದುವರೆಗೂ ಸಿಕ್ಕಿರಲಿಲ್ಲ.

ಮೇಸ್ತ್ರಿಗಳೇ, ಕಣ್ಣು ಮಂಜಾದ ಮೇಲೆ ನೀವು ಕೆಲಸ ಬಿಟ್ಟಿದ್ದೀರಿ. ಇದನ್ನು ನಿಮ್ಮ ಮೊಮ್ಮಗಳು ಓದಿ ಹೇಳಬಹುದು. ಪರವಾನಗಿ ಬಂದ ಮೇಲಿನ ನನ್ನ ಮೊದಲ ಕೆಲಸದ ಪ್ಯಾನೆಲ್‌ಗೆ ಮುಂದಿನ ಸೋಮವಾರ ಕರೆಂಟು ಕೊಡುವುದಿದೆ. ಬೆಳಿಗ್ಗೆ ಎಂಟಕ್ಕೆ ನಾನೇ ಬಂದು ನಿಮ್ಮನ್ನು ಕರೆದೊಯ್ಯುತ್ತೇನೆ. ಮುಚ್ಚಳ ಹಾಕಿಸಿಲ್ಲ, ಒಂದೊಂದೇ ತುದಿಯನ್ನು ನೀವು ಎಳೆದು ನೋಡಿದ ಮೇಲೆಯೇ ಹಾಕಿಸುತ್ತೇನೆ.