ಎಡಗಾಲು ಕಲಿಸಿದ ನಿಮಗೆಲ್ಲ

ಎಂ.ಎಸ್. ಜನರಲ್ ಸರ್ಜರಿ ಪಾಸಾಯಿತು. ರಿಸಲ್ಟ್ ಬಂದಾಗಿನಿಂದ ಫೋನ್‌ಗೆ ಬಿಡುವಿಲ್ಲ. ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಿದ್ದೇನೆ, ಆದರೆ ಅರ್ಧ ಮಾತು ಗಂಟಲಲ್ಲೇ ಉಳಿದುಬಿಡುತ್ತಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ತಾತನಿಗೆ. ಅವರು ಈಗಿಲ್ಲ. ಹಲಸೂರಿನ ನಮ್ಮ ಮನೆ ಜಗಲಿ ಮೇಲೆ ಕೂರಿಸಿಕೊಂಡು 1948ರ ಲಂಡನ್ ಒಲಿಂಪಿಕ್ಸ್‌ನ ಫುಟ್ಬಾಲ್ ಕಥೆಯನ್ನು ಅದೆಷ್ಟು ಸಲ ಹೇಳಿದ್ದಾರೋ. ಜುಲೈ 31, ಇಲ್ಫರ್ಡ್ ಮೈದಾನ, ಎದುರಿಗೆ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ. ಗೋಲ್‌ಕೀಪರ್ ನಮ್ಮ ಬೆಂಗಳೂರಿನ ವರದರಾಜ್, ಮುಂದೆ ಅಹ್ಮದ್ ಖಾನ್. ಭಾರತದ ಒಂದೇ ಗೋಲು ಹೊಡೆದ ರಾಮನ್ ಕೂಡ ಬೆಂಗಳೂರಿನವರೇ. ಆ ಗೋಲಿನ ಜಾಗ ಬಂದಾಗ ತಾತ ತೊಡೆ ತಟ್ಟುತ್ತಿದ್ದರು. ಎರಡು ಪೆನಾಲ್ಟಿ ಕೈತಪ್ಪಿದ್ದು, ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಹೊಡೆದು 2–1ರಲ್ಲಿ ಗೆದ್ದದ್ದು, ಇದನ್ನೆಲ್ಲ ಬೇಗ ಬೇಗ ಹೇಳಿ ಮುಗಿಸುತ್ತಿದ್ದರು. ಆಮೇಲೆ ದನಿ ತಗ್ಗಿಸಿ, "ಆ ಟೀಮಿನ ಕ್ಯಾಪ್ಟನ್ ಯಾರು ಗೊತ್ತಾ? ಡಾಕ್ಟರ್ ಓದ್ತಾ ಇದ್ದ ಹುಡುಗ" ಅನ್ನುತ್ತಿದ್ದರು. ತಾತನಿಗೆ ಗೊತ್ತಿದ್ದದ್ದು ಅಷ್ಟೇ. ನನಗೆ ಅಷ್ಟು ಸಾಕಾಯಿತು.

ಉಳಿದ ಕಥೆಯನ್ನು ನಾನು ಓದಿದ್ದು ಹಾಸಿಗೆಯಲ್ಲಿ ಮಲಗಿ. ಎಂಬಿಬಿಎಸ್ ಮೂರನೇ ವರ್ಷ, ಕಾಲೇಜುಗಳ ಟೂರ್ನಮೆಂಟು. ಓಡುತ್ತಿದ್ದವನು ಸರ್ರನೆ ತಿರುಗಿದೆ, ಮಂಡಿಯಲ್ಲಿ ಟಪ್ ಅಂತ ಸದ್ದು. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನೋ ಲಿಗಮೆಂಟ್ ಹರಿದಿತ್ತು. ತೊಡೆಯ ಹಿಂಭಾಗದಿಂದ ಹುರಿಯಂಥ ಸ್ನಾಯುರಜ್ಜಿನ ತುಂಡು ತೆಗೆದು ಹೊಸ ಲಿಗಮೆಂಟ್ ಮಾಡಿ ಕೂರಿಸಿದರು. ಒಂಬತ್ತು ತಿಂಗಳು ಮ್ಯಾಚ್ ಇಲ್ಲ. ನೋಡೋಕೆ ಬಂದ ಒಬ್ಬರು, "ಇನ್ನಾದ್ರೂ ಆಟ ಬಿಡ್ತೀಯಾ, ಇಲ್ಲ ಓದು ಬಿಡ್ತೀಯಾ?" ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ತಾತನ ಕ್ಯಾಪ್ಟನ್ ಯಾರು ಅಂತ ಹುಡುಕಿದೆ.

ತಲಿಮೆರೆನ್ ಆವೊ. 1918ರಲ್ಲಿ ನಾಗಾ ಬೆಟ್ಟಗಳ ಚಾಂಗ್ಕಿ ಹಳ್ಳಿಯಲ್ಲಿ ಹುಟ್ಟಿದವರು. ಅಪ್ಪ ಪಾದ್ರಿ. ಮಗ ಡಾಕ್ಟರಾಗಿ ತನ್ನ ಜನಕ್ಕೆ ಆಗಬೇಕು ಅನ್ನೋದು ಅವರ ಆಸೆ. ಮಗ ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡರು. ಆವೊ ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಓದುತ್ತಾ ಆಡಿದರು. 1942ರಲ್ಲಿ ಕಲ್ಕತ್ತೆಯ ಕಾರ್ಮೈಕಲ್ ಮೆಡಿಕಲ್ ಕಾಲೇಜು ಸೇರಿದರು, ಈಗಿನ ಆರ್.ಜಿ. ಕರ್. ಮೆಡಿಕಲ್ ಓದುತ್ತಲೇ ಮೋಹನ್ ಬಾಗಾನ್ ಕ್ಲಬ್‌ಗೆ ಆಡಿದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್‌ನಲ್ಲಿ ಬಾವುಟ ಹಿಡಿದು ನಡೆದವರು ಅವರೇ. ಹಾಗೆ ನಡೆದು ಬಂದವರು ಮತ್ತೆ ಪುಸ್ತಕ ಹಿಡಿದು ಕೂತರು! 1950ರಲ್ಲಿ ಎಂಬಿಬಿಎಸ್ ಮುಗಿಸಿದರು. ದಿಬ್ರೂಗಢದಲ್ಲಿ ಇಎನ್‌ಟಿ ವಿಭಾಗ, 1953ರಲ್ಲಿ ಕೊಹಿಮಾದಲ್ಲಿ ಅಸಿಸ್ಟೆಂಟ್ ಸಿವಿಲ್ ಸರ್ಜನ್, ಮುಂದೆ ನಾಗಾಲ್ಯಾಂಡಿನ ಆರೋಗ್ಯ ಇಲಾಖೆಯ ನಿರ್ದೇಶಕ. ದೇಶದ ಕ್ಯಾಪ್ಟನ್ ಆಗಿದ್ದವರು ತಮ್ಮ ಬೆಟ್ಟಕ್ಕೇ ವಾಪಸ್ ಹೋದರು. ಅವರನ್ನು ನಾನು ನೋಡಿಲ್ಲ, 1998ರಲ್ಲೇ ಹೋಗಿಬಿಟ್ಟರು. ಆದರೆ ಆ ಒಂಬತ್ತು ತಿಂಗಳು ಅವರು ನನ್ನ ಜೊತೆಗಿದ್ದರು. ಆಟ, ಓದು ಎರಡೂ ಇಟ್ಟುಕೊಳ್ಳಬಹುದು ಅಂತ ಯಾರೋ ಒಬ್ಬರು ಬದುಕಿ ತೋರಿಸಿದ್ದಾರೆ ಅಲ್ವಾ? ಆ ಧೈರ್ಯಕ್ಕೆ ಋಣಿ.

ಕೋಚ್ ಸರ್, ಈಗ ನಿಮಗೆ. ಗೌತಮಪುರದಲ್ಲಿ ಎಂಟನೇ ಕ್ಲಾಸಿನ ಹುಡುಗನ ಬಲಗಾಲಿನ ಬೂಟು ಬಿಚ್ಚಿಸಿ ಪಕ್ಕಕ್ಕೆ ಇಡುತ್ತಿದ್ರಿ. ಬೂಟಿದ್ದ ಎಡಗಾಲಲ್ಲೇ ಗೋಡೆಗೆ ನೂರು ಸಲ ಹೊಡೆಯಬೇಕು. "ಅದೂ ನಿನ್ನ ಕಾಲೇ ತಾನೇ" ಅನ್ನುತ್ತಿದ್ರಿ. ಪಿಜಿ ಮೊದಲ ವರ್ಷ, ಒಂದು ಹರ್ನಿಯಾ ಆಪರೇಷನ್‌ನಲ್ಲಿ ನಾನು ಎಡಗೈಯಲ್ಲಿ ಹೊಲಿಗೆಯ ಗಂಟು ಹಾಕಿದೆ. ಪ್ರೊಫೆಸರ್ ಮೇಡಂ ತಲೆ ಎತ್ತಿ, "ಯಾರು ಕಲಿಸಿದ್ದು?" ಎಂದರು. "ನಮ್ಮ ಫುಟ್ಬಾಲ್ ಕೋಚ್" ಅಂದೆ, ಸರ್. ಆಮೇಲೆ ಪಿಜಿ ಮುಗಿಯುವವರೆಗೂ ಮೇಡಂ ನನ್ನ ಎರಡು ಕೈಗೂ ಕೆಲಸ ಕೊಟ್ಟರು. ಮೇಡಂ, ನಿಮಗೂ ನಮಸ್ಕಾರ.

ಗಂಟು ಪಕ್ಕಾ ಆಗಿದ್ದು ಮಾತ್ರ ಅಮ್ಮನ ಹೊಲಿಗೆ ಮಷೀನ್ ಹತ್ತಿರ. ಉಳಿದ ದಾರದ ರೀಲು ಎಲ್ಲ ನನಗೆ ಎತ್ತಿಡುತ್ತಿದ್ದಳು. ರಜೆಗೆ ಬಂದಾಗ ಮಷೀನಿನ ಡ್ರಾಯರ್ ಹಿಡಿಗೆ ದಾರ ಸಿಕ್ಕಿಸಿ ರಾತ್ರಿ ಗಂಟು ಹಾಕುತ್ತಾ ಕೂರುತ್ತಿದ್ದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಆ ದಾರವನ್ನು ಕಿಟಕಿ ಬೆಳಕಿಗೆ ಹಿಡಿದು ಉಗುರಲ್ಲಿ ಒಂದೊಂದೇ ಗಂಟು ಮುಟ್ಟಿ ನೋಡುತ್ತಿದ್ದಳು. "ನಲವತ್ತಿದೆ. ಮೂರು ಸಡಿಲ" ಎಂದಳು. ಅಮ್ಮಾ, ಇವತ್ತಿಗೂ ಹೊಟ್ಟೆ ಹೊಲಿಯುವಾಗ ಆ ಮೂರು ನೆನಪಿಗೆ ಬರುತ್ತವೆ.

ವಾರ್ಡಿನ ನೈಟ್ ಸಿಸ್ಟರ್, ನಿಮ್ಮ ಋಣ ದೊಡ್ಡದು. ಕರುಳು ಜೋಡಿಸಿದ್ದ ಆ ಅಜ್ಜಿಗೆ ಐದನೇ ದಿನ. ಜ್ವರ ಇರಲಿಲ್ಲ, ಹೊಟ್ಟೆ ಮೆತ್ತಗೇ ಇತ್ತು. ನಾಡಿ ಸ್ವಲ್ಪ ಜಾಸ್ತಿ, ಅಷ್ಟೇ. ನಾನು ಬರೆದು ಮುಂದಿನ ಬೆಡ್ಡಿಗೆ ಹೋಗಿದ್ದೆ. ನೀವು ಹಿಂದಿನಿಂದ ಬಂದು, "ಡಾಕ್ಟ್ರೇ, ಅಜ್ಜಿ ಮುಖ ಸರಿ ಕಾಣ್ತಿಲ್ಲ, ಇನ್ನೊಂದ್ಸಲ ನೋಡಿ" ಎಂದಿರಿ. ಮತ್ತೆ ಎಣಿಸಿದರೆ ನಾಡಿ ಇನ್ನೂ ಏರಿತ್ತು. ಜೋಡಿಸಿದ ಜಾಗ ಸೋರುತ್ತಿತ್ತು. ಆ ರಾತ್ರಿಯೇ ಆಪರೇಷನ್ ಥಿಯೇಟರಿಗೆ ತೆಗೆದುಕೊಂಡೆವು. ಅಜ್ಜಿ ನಡೆದುಕೊಂಡೇ ಮನೆಗೆ ಹೋದರು, ಹೋಗುವಾಗ ನಿಮ್ಮ ಕೆನ್ನೆ ಸವರಿದರು. ನೋಡುವುದು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಅವತ್ತು.

ಡ್ಯೂಟಿ ಬದಲಾಯಿಸಿಕೊಂಡು ನನ್ನನ್ನು ಭಾನುವಾರದ ಆಟಕ್ಕೆ ಕಳಿಸಿದ ಜೊತೆಗಾರರೇ, ನನ್ನ ಮಂಡಿ ಸರಿ ಮಾಡಿದ ಡಾಕ್ಟರೇ, ಫಿಸಿಯೋ ಅಕ್ಕಾ, ನಿಮಗೆಲ್ಲ ಮನಸ್ಸು ತುಂಬಿ ಥ್ಯಾಂಕ್ಸ್.

ಸೋಮವಾರ ತಾಲ್ಲೂಕು ಆಸ್ಪತ್ರೆಗೆ ಸೇರುತ್ತೇನೆ. ನಿನ್ನೆ ಕೋಚ್ ಸರ್ ಫೋನ್ ಮಾಡಿ ಕೇಳಿದ್ದು ಒಂದೇ: "ಅಲ್ಲಿ ಗ್ರೌಂಡ್ ಇದೆಯೇನೋ?"

ಇದೆ ಸರ್. ಹೋದ ವಾರ ಹೋಗಿ ನೋಡಿ ಬಂದೆ. ಆಸ್ಪತ್ರೆ ಕಾಂಪೌಂಡಿನ ಆಚೆಗೇ ಶಾಲೆ ಮೈದಾನ. ಸಂಜೆ ಮಕ್ಕಳು ಆಡುತ್ತಿದ್ದರು, ಬರಿಗಾಲಲ್ಲಿ.