ಲಿಂಟಲ್‌ಗೆ ನಿಂತ ಮನೆ

ಮಂಡ್ಯ
ಮಂಗಳವಾರ ರಾತ್ರಿ

ಪ್ರೀತಿಯ ಮಗಳೇ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. “ಅಪ್ಪ, ದುಡ್ಡು ಕೊಡೋದು ಸರ್ಕಾರ, ಕಟ್ಟೋದು ಮೇಸ್ತ್ರಿ, ಇರೋದು ಆ ಮನೆಯೋರು. ಮಧ್ಯದಲ್ಲಿ ನಿಮ್ಮ ಸಂಸ್ಥೆಯೋರು ಮಾಡೋದೇನು?” ನೋಯಿಸೋಕೆ ಕೇಳಿದ್ದಲ್ಲ, ಗೊತ್ತು ಕಣವ್ವ. ಬೆಂಗಳೂರಿನ ಕೆಲಸ ಬಿಟ್ಟು ನಮ್ಮಂಥ ಕಡೆ ಸೇರಲೋ ಬೇಡವೋ ಅಂತ ಯೋಚಿಸುತ್ತಿರುವವಳು ಕೇಳಲೇಬೇಕಾದದ್ದು ಅದು. ಆದರೆ ಹಳ್ಳಿಯ ಬಡವರು ಮನೆ ಕಟ್ಟಿಕೊಳ್ಳೋಕೆ ನೆರವಾಗೋ ಈ ಸಂಸ್ಥೆಯಲ್ಲಿ 19 ವರ್ಷ ಲೆಕ್ಕ ಬರೆದವನಿಗೆ ಆ ಕ್ಷಣ ಉತ್ತರ ತೋಚಲಿಲ್ಲ. ಅಮ್ಮ ಊಟಕ್ಕೆ ಕರೀತಿದ್ದಾಳೆ ಅಂತ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಅಜ್ಜಿ ಊರಿಗೆ ಹೋಗುವಾಗ ನಾಲೆ ದಾಟಿದ ಮೇಲೆ ಬಲಗಡೆ ಒಂದು ಮನೆ ಇತ್ತಲ್ಲ, ನೆನಪಿದೆಯಾ? ಗೋಡೆ ಎದ್ದಿತ್ತು, ಕಿಟಕಿಯ ಜಾಗ ಬಿಟ್ಟಿದ್ದರು, ಮೇಲೆ ಆಕಾಶ. ಒಳಗೆ ಎಕ್ಕದ ಗಿಡ ಆಳೆತ್ತರ ಬೆಳೆದಿತ್ತು. ನೀನು ಅದನ್ನ “ಗಿಡದ ಮನೆ” ಅಂತಿದ್ದೆ. ನಮ್ಮ ಭಾಷೆಯಲ್ಲಿ ಅದು ಲಿಂಟಲ್‌ಗೆ, ಅಂದರೆ ಬಾಗಿಲು ಕಿಟಕಿಗಳ ಮೇಲಿನ ಅಡ್ಡಪಟ್ಟಿಯ ಮಟ್ಟಕ್ಕೆ, ನಿಂತ ಮನೆ. ಮಂಡ್ಯ, ಮದ್ದೂರು, ಪಾಂಡವಪುರ, ಯಾವ ಕಡೆ ಹೋದರೂ ಅಂಥ ಒಂದಾದರೂ ಕಣ್ಣಿಗೆ ಬೀಳುತ್ತೆ. ಯಾಕೆ ಅಲ್ಲೇ ನಿಲ್ಲುತ್ತವೆ ಅನ್ನೋದು ನಿನಗೆ ಅರ್ಥವಾದರೆ ನಮ್ಮ ಕೆಲಸವೂ ಅರ್ಥವಾಗುತ್ತೆ.

ಮನೆ ಮಂಜೂರಾಯಿತು ಅಂದರೆ ಪೂರ್ತಿ ದುಡ್ಡು ಕೈಗೆ ಬಂತು ಅಂತಲ್ಲ. ಪಾಯ ಹಾಕಿ, ಜಿಪಿಎಸ್ ಫೋಟೊ ತೆಗೆದು ಏರಿಸಿದರೆ ಒಂದು ಬಿಲ್ಲು, ಅಂದರೆ ಒಂದು ಕಂತಿನ ದುಡ್ಡು. ಲಿಂಟಲ್ ಆದರೆ ಇನ್ನೊಂದು. ಛಾವಣಿ ಆದರೆ ಮತ್ತೊಂದು. ಹಿಂಗಾಗಿ ಹೆಚ್ಚಿನ ಹಂತಗಳನ್ನ ಮೊದಲು ಸ್ವಂತ ದುಡ್ಡಲ್ಲಿ ಕಟ್ಟಬೇಕು, ಆಮೇಲೆ ಬಿಲ್ಲು. ದುಡ್ಡಿಲ್ಲ ಅಂತಲೇ ಮನೆ ಕೊಟ್ಟಿದ್ದು, ಆದರೆ ಮೊದಲು ದುಡ್ಡು ಹಾಕು ಅಂತ ನಿಯಮ. 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಹಳ್ಳಿಗಳಿಗೆ ಬಂದಾಗ ನಮ್ಮಂಥ ಬಯಲು ಸೀಮೆಗೆ ಒಂದು ಮನೆಗೆ 1.20 ಲಕ್ಷ ಅಂತ ನಿಗದಿ ಮಾಡಿದರು, ಕಡಿಮೆ ಅಂದರೂ 25 ಚದರ ಮೀಟರ್ ಇರಬೇಕು ಅಂದರು, ನರೇಗಾದಲ್ಲಿ 90 ದಿನದ ಕೂಲಿ ಸೇರಿಸಿದರು. ಮನೆಯೊಡತಿಯ ಹೆಸರಿಗೇ ಮನೆ ಕೊಡಬೇಕು, ಇಲ್ಲವೇ ಗಂಡ ಹೆಂಡತಿ ಇಬ್ಬರ ಹೆಸರಿಗೂ ಜಂಟಿಯಾಗಿ ಅಂದರು. ಇದು ನಿಜವಾಗಿಯೂ ದೊಡ್ಡ ಸಂಗತಿ. ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಕಬ್ಬಿಣ, ಸಿಮೆಂಟು, ಎಂ-ಸ್ಯಾಂಡಿನ ರೇಟು ಯಾವ ಆದೇಶಕ್ಕೂ ಕಾಯಲಿಲ್ಲ.

ಪಾಯವನ್ನ ನಾಲ್ಕು ದಿನ ಕಟ್ಟಿ ಎಂಟು ದಿನ ನಿಲ್ಲಿಸಬಹುದು. ಗೋಡೆಯನ್ನೂ ಅಷ್ಟೇ, ಕೂಲಿ ಸಿಕ್ಕ ವಾರ ಎರಡು ವರಸೆ ಏರಿಸಿಕೊಳ್ಳಬಹುದು. ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟು, ಹಂಗಲ್ಲವ್ವ. ಹಸಿ ಕಾಂಕ್ರೀಟನ್ನ ಹೊರೋ ಸೆಂಟ್ರಿಂಗ್ ಶೀಟು, ಕಂಬಿ, ಸಿಮೆಂಟು, ಜೆಲ್ಲಿ, ಮಿಕ್ಸರ್, ಹತ್ತು ಹದಿನೈದು ಆಳು, ಎಲ್ಲ ಒಂದೇ ದಿನಕ್ಕೆ ಸೇರಬೇಕು. ಬೆಳಿಗ್ಗೆ ಶುರುವಾದದ್ದು ಒಂದೇ ಪಟ್ಟಿಗೆ ಮುಗೀಬೇಕು. ಬಡವನ ಕೈಗೆ ದುಡ್ಡು ಚೂರುಚೂರಾಗಿ ಬರುತ್ತೆ, ಮೋಲ್ಡ್ ಮಾತ್ರ ಎಲ್ಲವನ್ನೂ ಒಟ್ಟಿಗೆ ಕೇಳುತ್ತೆ. ಅದಕ್ಕೇ ಲಿಂಟಲ್‌ಗೆ ನಿಲ್ಲೋದು. ನಾವು ಕೆಲಸ ಮಾಡೋದು ಲಿಂಟಲ್‌ನಿಂದ ಮೋಲ್ಡಿನವರೆಗಿನ ಆ ಎರಡು ಮೂರಡಿ ಎತ್ತರದಲ್ಲಿ.

ನಮ್ಮ ಆಫೀಸಿನಲ್ಲಿ ಒಬ್ಬ ಅಕ್ಕ ಇದ್ದಾರೆ, ಹಳ್ಳಿಗಳನ್ನ ನೋಡಿಕೊಳ್ಳೋರು. ನಿನಗೆ ಚಕ್ಕುಲಿ ಕಳಿಸ್ತಾರಲ್ಲ, ಅವರೇ. ಅವರ ಮೀಟಿಂಗು ಶುರುವಾಗೋದು ಸಂಜೆ ಡೈರಿಗೆ ಹಾಲು ಹಾಕಿದ ಮೇಲೆ, ಯಾಕಂದರೆ ಸಂಘದ ಹೆಂಗಸರಿಗೆ ಪುರುಸೊತ್ತು ಸಿಗೋದೇ ಆವಾಗ. ಮನೆ ಸೇರುವಾಗ ರಾತ್ರಿ ಒಂಬತ್ತು. ಒಂದು ಮನೆ ಕಟ್ಟಬೇಕಾದರೆ ಮೊದಲು ನೆಲ ಯಾರದು ಅಂತ ತೀರ್ಮಾನವಾಗಬೇಕು. ನೆಲ ಎಷ್ಟೋ ಕಡೆ ತೀರಿಹೋದ ಮಾವನ ಹೆಸರಲ್ಲೇ ಇರುತ್ತೆ. ವಂಶವೃಕ್ಷ ಮಾಡಿಸಬೇಕು, ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಬೇಕು, ಬೇರೆ ಊರಲ್ಲಿರೋ ಮೈದುನ ಬಂದು ಸಹಿ ಹಾಕಬೇಕು. ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿಕೊಂಡೋರಿದ್ದರೆ ಅದನ್ನ ಸಕ್ರಮ ಮಾಡಿಸೋಕೆ 94ಸಿ ಅರ್ಜಿ, ಆಮೇಲೆ ಹಕ್ಕುಪತ್ರ, ಆಮೇಲೆ ಪಂಚಾಯ್ತಿಯಲ್ಲಿ ಇ-ಸ್ವತ್ತು ದಾಖಲೆ. ಅಣ್ಣತಮ್ಮಂದಿರ ಜಗಳ ಬಿಡಿಸೋಕೆ ಅವರು ಒಂದೇ ಮನೆಗೆ ಹನ್ನೊಂದು ಸಲ ಹೋಗಿದ್ದು ನಾನು ಕಂಡಿದ್ದೀನಿ. ಯಾವ ವರದಿಯಲ್ಲೂ ಆ ಹನ್ನೊಂದು ಸಲ ಬರೋದಿಲ್ಲ. “ಫಲಾನುಭವಿಗೆ ದಾಖಲೆ ಒದಗಿಸಲಾಯಿತು” ಅಂತ ಒಂದು ಸಾಲು, ಅಷ್ಟೇ. ಆ ಸಾಲು ಬರೆಯೋನು ನಾನೇ, ಅದಕ್ಕೇ ಹೆಚ್ಚು ನೋವಾಗೋದು.

ನೀನು ಸಿವಿಲ್ ಓದಿದವಳು, ಎಂಜಿನಿಯರ್ ವಿಷಯ ನಿನಗೆ ರುಚಿಸುತ್ತೆ. ನಮ್ಮ ಎಂಜಿನಿಯರು ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್ ದಾರಿ ನಂಬಿದವರು. ಇಟ್ಟಿಗೆಯನ್ನ ಅಗಲಕ್ಕೆ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟೋದು, ರ್‍ಯಾಟ್ ಟ್ರ್ಯಾಪ್ ಅಂತಾರಲ್ಲ, ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಇಟ್ಟಿಗೆ ಉಳಿಯುತ್ತೆ. ಮೋಲ್ಡಿನ ಕೆಳಭಾಗದಲ್ಲಿ ಕಾಂಕ್ರೀಟಿಗೆ ಕೆಲಸವಿಲ್ಲದ ಕಡೆ ಮಂಗಳೂರು ಹೆಂಚು ಕೂರಿಸಿದರೆ ಸಿಮೆಂಟೂ ಉಳಿಯುತ್ತೆ, ಒಳಗೆ ಸೆಕೆಯೂ ಕಡಿಮೆ. ಲೆಕ್ಕ ಅಷ್ಟು ಚೆನ್ನಾಗಿದ್ದರೂ ಮೊದಲ ಮನೆಯಲ್ಲೇ ಒಬ್ಬ ಅಜ್ಜಿ ಒಪ್ಪಲಿಲ್ಲ. “ಗಾರೆ ಮಾಡ್ದೆ ಇಟ್ಗೆ ಕಾಣಂಗೆ ಬುಟ್ರೆ ಮನೆ ಮುಗ್ದಿಲ್ಲ ಅಂತ ಜನ ಆಡ್ಕತಾರೆ, ನನ್ ಮೊಮ್ಮಗಳ್ಗೆ ಗಂಡು ಬರಾದು ಬ್ಯಾಡ್ವಾ?” ಅಂದರು. ಎಂಜಿನಿಯರು ವಾದಿಸಲಿಲ್ಲ. ರಾತ್ರಿಯೆಲ್ಲ ಕೂತು ಲೆಕ್ಕ ತಿದ್ದಿ, ಹೆಂಚಿನ ಮೋಲ್ಡಿನಲ್ಲಿ ಉಳಿದದ್ದನ್ನ ಮುಂದಿನ ಗೋಡೆಯ ಗಾರೆಗೆ, ಸುಣ್ಣಬಣ್ಣಕ್ಕೆ ಹಾಕಿದರು. ಆ ಮನೆ ಈಗಲೂ ತಿಳಿ ನೀಲಿ. ಅದನ್ನ ಸೋಲು ಅಂದವರೂ ಇದ್ದರು. ನನ್ನ ಕೇಳಿದರೆ ಅವರು ಎಂಜಿನಿಯರ್ ಆಗಿದ್ದೇ ಆ ರಾತ್ರಿ. ನಾಲೆ ಬಯಲಿನ ಜೌಗು ನೆಲದಲ್ಲಿ ಮಾತ್ರ ಅವರು ಯಾರ ಮಾತೂ ಕೇಳೋದಿಲ್ಲ. ಪಾಯದ ಮೇಲೆ ಇನ್ನೊಂದು ವರಸೆ ಸೈಜುಗಲ್ಲು ಬೇಕೇ ಬೇಕು, ಇಲ್ಲದಿದ್ದರೆ ತೇವ ಗೋಡೆ ಹತ್ತಿ ಮಕ್ಕಳಿಗೆ ಕೆಮ್ಮು ಬಿಡೋದಿಲ್ಲ.

ಇನ್ನು ನಮ್ಮ ಡ್ರೈವರ್ ಅಣ್ಣ. ಸಂಸ್ಥೆಯ ಸೆಂಟ್ರಿಂಗ್ ಶೀಟು, ಊರುಗೋಲುಗಳನ್ನ ಬಾಡಿಗೆಯಿಲ್ಲದೆ ಊರಿಂದೂರಿಗೆ ಸಾಗಿಸೋರು ಅವರು. ಮೋಲ್ಡ್ ಹಾಕಿದ ಮನೆಗೆ ಮಾರನೇ ದಿನ ಹೋಗಿ ನೀರು ಕಟ್ಟಿದ್ದಾರಾ ಅಂತ ನೋಡಿ ಬರೋದನ್ನ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ನನ್ನ ವಿಷಯಕ್ಕೆ ಬರ್ತೀನಿ. ಮೋಲ್ಡಿಗೆ ಬೇಕಾದ ದುಡ್ಡನ್ನ ಸುತ್ತುನಿಧಿಯಿಂದ ಮುಂಗಡ ಕೊಟ್ಟು, ಬಿಲ್ಲು ಬಂದಮೇಲೆ ವಾಪಸ್ ಪಡೆದು, ಇನ್ನೊಂದು ಮನೆಗೆ ಕೊಡೋದು ನನ್ನ ಕೆಲಸ. ಅರ್ಜಿ ತುಂಬೋದೂ ನಾನೇ. 2018ರಲ್ಲಿ ಪಾಂಡವಪುರದ ಕಡೆ ಗಂಡ ತೀರಿಕೊಂಡ ಒಬ್ಬ ತಾಯಿಯ ಖಾತೆ ನಂಬರಿನಲ್ಲಿ ಎರಡು ಅಂಕಿ ಹಿಂದುಮುಂದಾಗಿ ಬರೆದೆ. ಬಿಲ್ಲು ಬರಲಿಲ್ಲ. ಅದು ತಪ್ಪು ಅಂತ ಗೊತ್ತಾಗಿ, ತಿದ್ದುಪಡಿಯಾಗಿ ಬರೋಕೆ ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆಕೆ ಓಲೆ ಗಿರವಿ ಇಟ್ಟು ತಂದಿದ್ದ ಸಿಮೆಂಟು ಮಳೆಗಾಲದ ಥಂಡಿಗೆ ಮೂಟೆಯಲ್ಲೇ ಕಲ್ಲಾಯಿತು. ನಾನೇ ಹೋಗಿ, ತಪ್ಪು ನಂದು ಅಂತ ಹೇಳಿದೆ. ಮಜ್ಜಿಗೆ ಕೊಟ್ಟು, “ಬರ್ದೋರು ನೀವೆಯ, ತಿದ್ದೋರೂ ನೀವೆಯ, ಕುಡೀರಿ” ಅಂದರು. ಓಲೆ ಬಿಡಿಸಿಕೊಟ್ಟೆವು, ಮನೆಯೂ ಆಯಿತು. ಆದರೆ ಆ ಕಲ್ಲಾದ ಮೂಟೆಗಳನ್ನ ಆಕೆ ಎಸೀಲಿಲ್ಲ, ಬಾಗಿಲ ಮುಂದೆ ಮೆಟ್ಟಿಲು ಮಾಡಿಕೊಂಡಿದ್ದಾರೆ. ಆ ಮನೆಗೆ ಹೋದಾಗೆಲ್ಲ ಅದರ ಮೇಲೇ ಕಾಲಿಟ್ಟು ಒಳಗೆ ಹೋಗಬೇಕು. ಅವತ್ತಿಂದ ಪಾಸ್‌ಬುಕ್ ನಂಬರನ್ನ ಬಾಯಿಬಿಟ್ಟು ಮೂರು ಸಲ ಓದ್ತೀನಿ. ರಾತ್ರಿ ನಾನು ನಂಬರು ಗೊಣಗೋದನ್ನ ಕೇಳಿ ನೀನೂ ನಿಮ್ಮಮ್ಮನೂ ನಗ್ತಿದ್ದಿರಲ್ಲ, ಕಾರಣ ಇದು.

ನಮ್ಮ ಸೀಮೆಗೆ ಈ ಕೆಲಸ ಹೊಸದಲ್ಲ. ಪ್ಲೇಗು ಬಂದುಹೋದ ಮೇಲೆ 1903ರಲ್ಲಿ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿ ಕೇರಿಗಳನ್ನ ಅಗಲ ಮಾಡಿದರು, ಹೊಸ ಬಡಾವಣೆ ಕಟ್ಟಿದರು. ಬೈಲಕುಪ್ಪೆಗೆ ಬಂದ ಟಿಬೆಟನ್ನರಿಗೆ ನೆಲೆ ಮಾಡಿಕೊಡೋಕೆ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಆ ಹೆಸರಿನ ಮೊದಲಕ್ಷರ ಮೈಸೂರಿನದೇ. ಬೋರ್ಡಿನ ಹೆಸರು ಚರಿತ್ರೆಯಲ್ಲಿ ಉಳಿದಿದೆ, ಸಂಸ್ಥೆಯ ಹೆಸರು ಉಳಿದಿದೆ. ಇಲಿ ಸತ್ತ ಮನೆಗಳ ಒಳಗೆ ಟೇಪು ಹಿಡಿದು ಅಳತೆ ಬರೆದುಕೊಂಡ ಗುಮಾಸ್ತ ಯಾರು? ಬೇರೆ ಭಾಷೆಯ ಹೆಸರುಗಳನ್ನ ತಪ್ಪಿಲ್ಲದೆ ಪಟ್ಟಿಗೆ ಇಳಿಸಿದವರು ಯಾರು? ನನಗೆ ಅವರದೇ ಯೋಚನೆ.

ಸಂಬಳದ ವಿಷಯ ಮುಚ್ಚಿಡೋದಿಲ್ಲ. ನಿನ್ನ ಈಗಿನ ಸಂಬಳದ ಮೂರರಲ್ಲಿ ಒಂದು ಭಾಗವೂ ಇಲ್ಲಿ ಸಿಗೋದಿಲ್ಲ. ಮಾರ್ಚಿಗೆ ಪ್ರಾಜೆಕ್ಟ್ ಮುಗಿದರೆ ಏಪ್ರಿಲ್ ಸಂಬಳ ಯಾವಾಗ ಅಂತ ನನಗೂ ಗೊತ್ತಿರೋದಿಲ್ಲ. ಒಳ್ಳೆ ಹುಡುಗರು ಇಬ್ಬರು ಅದೇ ಕಾರಣಕ್ಕೆ ಬಿಟ್ಟರು, ಅವರನ್ನ ತಪ್ಪು ಅನ್ನೋಕಾಗಲ್ಲ. ಬಾ ಅಂತಲೂ ಹೇಳೋದಿಲ್ಲ, ಬೇಡ ಅಂತಲೂ ಹೇಳೋದಿಲ್ಲ.

ಶನಿವಾರ ಹೇಗೂ ಬರ್ತಿದ್ದೀಯ. ಶುಕ್ರವಾರ ರಾತ್ರಿಯೇ ಬಂದುಬಿಡು. ಮದ್ದೂರು ಕಡೆ ಒಂದು ಮನೆಗೆ ಮೋಲ್ಡ್ ಇದೆ, ಎರಡು ವರ್ಷದಿಂದ ಲಿಂಟಲ್‌ಗೇ ನಿಂತಿದ್ದದ್ದು. ಆರು ಗಂಟೆಗೆ ಮಿಕ್ಸರ್ ಬರುತ್ತೆ, ಸಂಘದೋರು ಬಾಣಲಿ ಕೈಬದಲಾಯಿಸೋಕೆ ಸಾಲು ನಿಲ್ತಾರೆ. ಹಳೇ ಚಪ್ಪಲಿ ಹಾಕ್ಕೊಂಡು ಬಾ.

ನಿನ್ನ
ಅಪ್ಪ